ನಿಂಬೆವ್ವನ ಖಾನಾವಳಿಯ ಟಿವಿ

ನಾನು ಒಂದು ಟಿವಿ. ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನಲ್ಲಿತ್ತೋ ನನಗೆ ನೆನಪಿಲ್ಲ. ಕೈಗವಸು ತೊಟ್ಟ ಹೆಣ್ಣುಮಕ್ಕಳು ಸಾಲಾಗಿ ಕೂತು ನನ್ನ ಹೊಟ್ಟೆಯೊಳಗೆ ತಂತಿ ಜೋಡಿಸಿದ್ದು, ಅವರಲ್ಲೊಬ್ಬಳು ಕೊನೆಗೆ ನನ್ನ ಮುಖಕ್ಕೆ ತೆಳುವಾದ ಹಾಳೆ ಅಂಟಿಸಿ ಅಂಗೈಯಿಂದ ಸವರಿದ್ದು ಮಾತ್ರ ನೆನಪಿದೆ. ಆಮೇಲೆ ಡಬ್ಬದೊಳಗಿನ ಕತ್ತಲು. ಮತ್ತೆ ಬೆಳಕು ಕಂಡದ್ದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ. ಅಲ್ಲಿ ದಿನವಿಡೀ ಸಮುದ್ರದ ಮೀನುಗಳನ್ನು ತೋರಿಸುವುದು ನನ್ನ ಕೆಲಸ. ಬಂದವರು ಮೀನು ನೋಡಿ ಬಣ್ಣ ಚೆನ್ನಾಗಿದೆ ಎನ್ನುತ್ತಿದ್ದರು.

ಅಲ್ಲಿಂದ ಒಂದು ಲಾಡ್ಜಿಗೆ ಹೋದೆ. ಕೋಣೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಹಚ್ಚಿ, ಹಾಗೇ ನಿದ್ದೆ ಹೋಗುತ್ತಿದ್ದರು. ಯಾರ ಮುಖವೂ ಎರಡನೆಯ ಸಲ ಕಾಣಲಿಲ್ಲ. ಲಾಡ್ಜಿನವರು ದೊಡ್ಡ ಟಿವಿಗಳನ್ನು ತಂದಾಗ ನಾನು ಹಳೆ ಸಾಮಾನಿನ ಅಂಗಡಿ ಸೇರಿದೆ. ಅಲ್ಲಿ ನನ್ನನ್ನು ಕಂಡವನು ಫಕ್ಕೀರಪ್ಪ.

ಫಕ್ಕೀರಪ್ಪ ಟೆಂಪೋ ಓಡಿಸುತ್ತಿದ್ದ. ಗದಗಿನಿಂದ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಗೆ ಬಂದು, ಸಿಕ್ಕ ಸಾಮಾನು ತುಂಬಿಕೊಂಡು ಮರಳುವವನು. ಆ ದಿನ ನನ್ನನ್ನು ಹಿಂದೆ ಹಾಕಲಿಲ್ಲ. ಪಕ್ಕದ ಸೀಟಿನಲ್ಲಿ ಕೂರಿಸಿ, ಟವೆಲ್ಲು ಸುತ್ತಿ, ದಾರಿಯುದ್ದಕ್ಕೂ ನನಗೆ ಕೇಳಿಸುವಂತೆ ಮಾತಾಡಿದ. "ನಮ್ಮಕ್ಕ ಮೊದಲು ಬೈತಾಳ. ಆಮ್ಯಾಲೆ ನೋಡ್ತಾಳ. ನೀ ಹೆದರಬ್ಯಾಡ."

ಅವನ ಅಕ್ಕ ನಿಂಬೆವ್ವ ಗದಗಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ತಾಯಿ ತೀರಿದಾಗ ಫಕ್ಕೀರಪ್ಪ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಆಕೆ ಬೇರೆಯವರ ಖಾನಾವಳಿಯಲ್ಲಿ ಮುಸುರೆ ತಿಕ್ಕಿ ದೊಡ್ಡವಳಾದಳು. ಮದುವೆಯಾಯಿತು, ಗಂಡ ಬೇಗನೆ ತೀರಿಕೊಂಡ, ಉಳಿದವನು ತಮ್ಮನೊಬ್ಬನೇ. ಅವನು ಹೇಳಿದಂತೆಯೇ ಆಕೆ ಮೊದಲು ಬೈದಳು. "ಹೊಟ್ಟಿಗೆ ಉಣ್ಣಾಕ ಬರ್ತಾರೋ, ಟಿವಿ ನೋಡಾಕೋ?" ಅವನು ನಗುತ್ತ ಸ್ಟೂಲು ಹತ್ತಿ ನನ್ನನ್ನು ಗೋಡೆಗೆ ಬಿಗಿದ. ಸಂಜೆಗೆ ನಿಂಬೆವ್ವ ರೊಟ್ಟಿ ಬುಟ್ಟಿ ಹಿಡಿದು ಹೋಗುವಾಗ ಒಂದು ಗಳಿಗೆ ನಿಂತು ನೋಡಿದಳು. ಒಳಗೆ ರೊಟ್ಟಿ ಬಡಿಯುವ ಹುಸೇನಬಿ, "ಯಾವ ಸೀರಿಯಲ್ ಬೇ ಅದು?" ಎಂದು ಕೂಗಿ ಕೇಳಿದಳು. ನನಗೆ ಮನೆ ಸಿಕ್ಕಿತು.

ಗೋಡೆಯ ಮೇಲಿನಿಂದ ನಾನು ಕಂಡದ್ದು ಬಹುಪಾಲು ಕಿರಿಕಿರಿಗಳನ್ನೇ. ಕ್ರಿಕೆಟ್ ಮುಗಿಯುವ ಹೊತ್ತಿಗೆ ಕರೆಂಟು ಹೋಗುವುದು. ಗ್ಯಾಸು ಮಧ್ಯಾಹ್ನದ ಗದ್ದಲದಲ್ಲೇ ತೀರುವುದು. ರಿಮೋಟಿನ ಸೆಲ್ಲು ಗೋಡೆ ಗಡಿಯಾರಕ್ಕೆ ಹೋಗಿ, ಗಡಿಯಾರದ್ದು ರಿಮೋಟಿಗೆ ಬರುವುದು. ಖಾಯಂ ಗಿರಾಕಿ ಕಂಡಕ್ಟರ್ ದೊಡ್ಡಮನಿ ಸುದ್ದಿ ಬೇಕೆಂದರೆ ಇನ್ನೊಬ್ಬ ಹಾಡು ಬೇಕೆನ್ನುವುದು. ನಿಂಬೆವ್ವ ಎಲ್ಲರನ್ನೂ ಬೈಯುತ್ತಿದ್ದಳು, ಬೈಯುತ್ತಲೇ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಆ ಮಧ್ಯಾಹ್ನವೂ ಹಾಗೇ ಇತ್ತು. ಮದುವೆಗೆ ಹೊರಟ ಒಂದು ದಂಡು ಒಟ್ಟಿಗೇ ಊಟಕ್ಕೆ ಬಂದು ಕೂತಿತ್ತು. ಬೇಳೆ ಸೀದಿತ್ತು. ನಲ್ಲಿಯಲ್ಲಿ ನೀರಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಕಿವಿ ಮತ್ತು ಭುಜದ ನಡುವೆ ಅದನ್ನು ಸಿಕ್ಕಿಸಿಕೊಂಡು ನಿಂಬೆವ್ವ, "ಏನೋ?" ಎಂದಳು. ಆ ಕಡೆಯಿಂದ ಫಕ್ಕೀರಪ್ಪ ದಿನವೂ ಕೇಳುವುದನ್ನೇ ಕೇಳಿರಬೇಕು, ಇವತ್ತು ಏನು ಪಲ್ಯ ಎಂದು. "ಹೊತ್ತುಗೊತ್ತು ಇಲ್ಲೇನೋ ನಿನಗ? ಇಲ್ಲಿ ಮಂದಿ ಮೈಮ್ಯಾಲೆ ಬಿದ್ದಾರ. ಇಡು ಫೋನು!" ಎಂದು ಆಕೆ ತಾನೇ ಕಟ್ ಮಾಡಿ, ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಒಗೆದಳು.

ಸಂಜೆಗೆ ಸುದ್ದಿ ಬಂತು. ಹುಬ್ಬಳ್ಳಿಯ ಹೊರಗಿನ ಪೆಟ್ರೋಲ್ ಬಂಕಿನಲ್ಲಿ, ಸಾಲು ತಪ್ಪಿಸಿ ನುಗ್ಗಿದ ಇಬ್ಬರು ಬೈಕಿನವರು ಪೆಟ್ರೋಲ್ ಹಾಕುವ ಮುದುಕನ ಕೊರಳಪಟ್ಟಿಗೆ ಕೈಹಾಕಿದ್ದರಂತೆ. ಫಕ್ಕೀರಪ್ಪ ಬಿಡಿಸಲು ಹೋದನಂತೆ. ಒಬ್ಬನ ಕೈಯಲ್ಲಿ ಚಾಕು ಇತ್ತಂತೆ.

ಖಾನಾವಳಿಯ ಬಾಗಿಲು ಮುಚ್ಚಿತು. ನಾನು ಕತ್ತಲಲ್ಲಿ ಗೋಡೆಯ ಮೇಲೆಯೇ ಇದ್ದೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಬಾಗಿಲು ತೆರೆಯಿತು. ನನ್ನನ್ನು ಯಾರೂ ಹಚ್ಚಲಿಲ್ಲ. ಆದರೆ ಒಂದು ದಿನ, ವಿಷಯ ಗೊತ್ತಿಲ್ಲದ ಪರಸ್ಥಳದ ಗಿರಾಕಿಯೊಬ್ಬ ಕೈಗೆ ಸಿಕ್ಕ ರಿಮೋಟು ಒತ್ತಿಬಿಟ್ಟ. ಬೈಕಿನ ಇಬ್ಬರೂ ಸಿಕ್ಕಿಬಿದ್ದ ದಿನ ಅದು. ಬಂಕಿನ ಕ್ಯಾಮೆರಾ ಹಿಡಿದ ದೃಶ್ಯವನ್ನು ಚಾನೆಲ್ಲಿನವರು ತಿರುತಿರುಗಿ ಹಾಕುತ್ತಿದ್ದರು. ಫಕ್ಕೀರಪ್ಪನ ಸುತ್ತ ಕೆಂಪು ಗೆರೆಯ ವೃತ್ತ. ಹಿಂದೆ ನಗಾರಿಯಂಥ ಸಂಗೀತ. ಚಾಕು ಎತ್ತಿದ ಕೈ ಕಂಡೊಡನೆ ದೃಶ್ಯ ನಿಧಾನವಾಗುತ್ತಿತ್ತು, ನಿಂತು, ಮತ್ತೆ ಮೊದಲಿನಿಂದ ಬರುತ್ತಿತ್ತು. ನನ್ನನ್ನು ಅಕ್ಕರೆಯಿಂದ ಟವೆಲ್ಲಿನಲ್ಲಿ ಸುತ್ತಿ ತಂದವನು ನನ್ನ ಮುಖದ ಮೇಲೆಯೇ ಬೀಳುತ್ತಿದ್ದ. ಕಣ್ಣು ಮುಚ್ಚಿಕೊಳ್ಳುವ ಶಕ್ತಿ ನನ್ನ ಜಾತಿಗಿಲ್ಲ.

"ಸೌಂಡ್ ಜಾಸ್ತಿ ಮಾಡ್ರಿ," ಎಂದ ಒಬ್ಬ. "ಕಂಡವರ ಜಗಳದಾಗ ಇವ ಯಾಕ ಹೋಗಬೇಕಿತ್ತು?" ಎಂದ ಇನ್ನೊಬ್ಬ, ರೊಟ್ಟಿ ಮುರಿಯುತ್ತ.

ದೊಡ್ಡಮನಿ ಎಂಜಲು ಕೈಯಲ್ಲೇ ಎದ್ದು ನನ್ನತ್ತ ಧಾವಿಸಿದ. ಪುಂಡಿಪಲ್ಯದ ಪಾತ್ರೆ ಹಿಡಿದು ನಿಂತಿದ್ದ ನಿಂಬೆವ್ವ, "ಬ್ಯಾಡ್ರಿ. ಇರಲಿ," ಎಂದಳು. ಅವಳ ಕಣ್ಣು ನನ್ನನ್ನು ಬಿಟ್ಟು ಕದಲಲಿಲ್ಲ.

"ಅಕ್ಕಾರ, ಯಾಕ ನೋಡ್ತೀರಿ ಇದನ್ನ?" ಎಂದ ದೊಡ್ಡಮನಿ.

"ಇದನ್ನ ನೋಡವಲ್ಲೆ ನಾನು. ಇದರ ಹಿಂದಿಂದು ಬರ್ತೈತೇನಂತ ಕಾಯಾಕತ್ತೇನಿ," ಎಂದಳು ನಿಂಬೆವ್ವ. "ಅವ ಗಾಡಿ ಇಳದದ್ದು, ನನಗ ಫೋನ್ ಮಾಡಿದ್ದು. ಇವರು ಅದನ್ನ ತೋರಸೂದೇ ಇಲ್ಲ. ಯಾವಾಗ್ಲೂ ಇಲ್ಲಿಂದನ ಚಾಲೂ ಮಾಡ್ತಾರ."

ಜಗಳದ ಬಗ್ಗೆ ಮಾತಾಡಿದವನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ತಲೆ ತಗ್ಗಿಸಿದ. ಒಳಗೆ ಹುಸೇನಬಿಯ ರೊಟ್ಟಿ ಬಡಿಯುವ ಸದ್ದು ನಿಂತಿತು.

ಆಮೇಲೆ ನಿಂಬೆವ್ವ ದಿನವೂ ನನ್ನನ್ನು ಹಚ್ಚಿದಳು. ಪಾತ್ರೆ ಒರೆಸುತ್ತ, ಬೆಳ್ಳುಳ್ಳಿ ಸುಲಿಯುತ್ತ ಕಾದಳು. ಅವಳಿಗೆ ತಿಳಿಯಬೇಕಾಗಿದ್ದದ್ದು ಒಂದೇ. ತಾನು ಬೈದು ಫೋನು ಇಟ್ಟ ಮೇಲೆ ತಮ್ಮನ ಮುಖ ಹೇಗಿತ್ತು? ಮುಖ ಸಣ್ಣದು ಮಾಡಿಕೊಂಡೇ ಹೋದನೇ? ಒಂದು ಮಧ್ಯಾಹ್ನ ಇದನ್ನು ಹುಸೇನಬಿಗೆ ಹೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಹುಸೇನಬಿ ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಸವರಿದಳು. "ದಿನಾ ಬೈತಿದ್ದಿ ಅವನ್ನ. ದಿನಾ ಬಂದು ಉಣ್ತಿದ್ದ. ಅವನಿಗೆ ಗೊತ್ತಿಲ್ಲೇನ?" ಎಂದಳು. ನಿಂಬೆವ್ವನಿಗೆ ಅಷ್ಟು ಸಾಲಲಿಲ್ಲ.

ಚಾನೆಲ್ಲಿನ ವರದಿಗಾರನೊಬ್ಬ ಖಾನಾವಳಿಗೇ ಬಂದ. ಬಳಲಿದ ಹುಡುಗ, ಅಂಗಿಯ ಬೆನ್ನೆಲ್ಲ ಬೆವರು, ಆಫೀಸಿನಿಂದ ಬಿಡದೆ ಫೋನು. ಮೈಕು ಮುಂದೆ ಚಾಚಿ, "ಅಕ್ಕಾರ, ತಮ್ಮನ್ನ ನೆನಸಿದರ ನಿಮಗ ಏನ್ ಅನಸ್ತೈತ್ರಿ?" ಎಂದ.

ನಿಂಬೆವ್ವ ಅಳಲಿಲ್ಲ. "ನಿಮ್ಮ ಕಡೆ ಪೂರಾ ಚಿತ್ರ ಐತೇನ್ರೀ? ಅವ ಗಾಡಿ ಇಳದಾಗಿಂದ?" ಎಂದು ಕೇಳಿದಳು.

"ಐತ್ರಿ. ಆದ್ರ ಅದರಾಗ ಏನೂ ಇಲ್ರಿ ಅಕ್ಕಾರ. ಸುಮ್ನ ಅಡ್ಡ್ಯಾಡತಾರ, ಮಾರಿ ತೊಳಕೋತಾರ, ಅಷ್ಟ."

"ಅದನ್ನ ತೋರಸ್ರಿ."

ಅವನು ಮೈಕು ಇಳಿಸಿದ. ಮತ್ತೆ ಅವನ ಫೋನು ಬಡಿದುಕೊಂಡಿತು. ಉಂಡೇ ಹೋಗು ತಮ್ಮಾ ಎಂದು ನಿಂಬೆವ್ವ ಹೇಳಿದರೂ, ನಿಲ್ಲದೆ ಹೋಗಿಬಿಟ್ಟ. ಆ ದೃಶ್ಯ ಅವನ ಚಾನೆಲ್ಲಿನಲ್ಲಿ ಎಂದೂ ಬರಲಿಲ್ಲ.

ಈ ಮಾತನ್ನೆಲ್ಲ ಮೂಲೆಯ ಮೇಜಿನಿಂದ ಕೇಳಿಸಿಕೊಂಡವನು ದೊಡ್ಡಮನಿ. ಅವನ ಬಸ್ಸು ದಿನವೂ ಆ ಬಂಕಿನ ಮುಂದೆಯೇ ಹಾದುಹೋಗುತ್ತಿತ್ತು. ರಜೆಯ ದಿನ ಹೋಗಿ ಬಂಕಿನ ಮ್ಯಾನೇಜರನ್ನು ಕಂಡು ಬಂದನಂತೆ. ಕೆಲವು ದಿನ ಬಿಟ್ಟು ಒಬ್ಬ ಮುದುಕನನ್ನು ಕರೆದುಕೊಂಡು ಖಾನಾವಳಿಗೆ ಬಂದ. ಮುದುಕನ ಹೆಸರು ತಿಪ್ಪಣ್ಣ. ಫಕ್ಕೀರಪ್ಪ ಬಿಡಿಸಲು ಹೋದದ್ದು ಇವನನ್ನೇ.

ತಿಪ್ಪಣ್ಣ ಹೊಸ್ತಿಲಾಚೆಯೇ ನಿಂತ. "ನನ್ನ ಸಲುವಾಗಿ ಹೋದ ನಿನ್ನ ತಮ್ಮ. ಯಾವ ಮಾರಿ ಹೊತ್ತು ಒಳಗ ಬರಲೆವ್ವಾ?" ಎಂದ.

ನಿಂಬೆವ್ವ ಏನು ಹೇಳುತ್ತಾಳೋ ಎಂದು ನನಗೂ ಭಯವಾಯಿತು. ಆಕೆ ಒಳಗೆ ಹೋಗಿ ನೀರಿನ ತಂಬಿಗೆ ತಂದಳು. "ಕಾಲು ತೊಳಕೊಂಡು ಬಾ ಯಪ್ಪಾ. ಮೊದಲು ಉಣ್ಣು."

ಊಟವಾದ ಮೇಲೆ ದೊಡ್ಡಮನಿ ಬಂಕಿನಿಂದ ತಂದ ಪೆನ್ ಡ್ರೈವ್ ಒಂದನ್ನು ತೆಗೆದು ನನ್ನ ಪಕ್ಕೆಗೆ ಸಿಕ್ಕಿಸಿದ. ಗಿರಾಕಿಗಳಿರಲಿಲ್ಲ. ಹುಸೇನಬಿ ಒಲೆ ಆರಿಸಿ ಹೊರಬಂದಳು.

ನಾನು ತೋರಿಸಿದೆ. ಸದ್ದಿಲ್ಲದ, ಮಸುಕಾದ ಚಿತ್ರ. ಫಕ್ಕೀರಪ್ಪ ಟೆಂಪೋ ಇಳಿದ. ಚಪ್ಪಲಿ ಬಿಚ್ಚಿ ಹರಳು ಕೊಡವಿದ. ನಲ್ಲಿಯ ಹತ್ತಿರ ಮುಖ ತೊಳೆದು, ಟವೆಲ್ಲಿನಿಂದ ಕಿವಿಯ ಹಿಂದೆಲ್ಲ ಒರೆಸಿಕೊಂಡ. "ಕಿವಿ ಹಿಂದ ಒರಸ್ಕೋ ಅಂತ ಹೇಳಿ ಹೇಳಿ ಸಾಕಾಗಿತ್ತು," ಎಂದಳು ನಿಂಬೆವ್ವ ಮೆಲ್ಲಗೆ. ಫಕ್ಕೀರಪ್ಪ ಫೋನು ತೆಗೆದ. ಕಿವಿಗಿಟ್ಟ. ಸ್ವಲ್ಪದರಲ್ಲೇ ಇಳಿಸಿ ಅದನ್ನೇ ನೋಡಿದ. ನಿಂಬೆವ್ವ ಒಂದು ಹೆಜ್ಜೆ ಮುಂದೆ ಬಂದಳು.

ಫಕ್ಕೀರಪ್ಪ ತಲೆ ಹಿಂದಕ್ಕೆ ಹಾಕಿ ನಕ್ಕ. ಪಕ್ಕದಲ್ಲಿದ್ದ ತಿಪ್ಪಣ್ಣನ ಕಡೆ ತಿರುಗಿ ಏನೋ ಹೇಳಿದ. ತಿಪ್ಪಣ್ಣನೂ ನಕ್ಕ.

"ಏನಂದ?" ಎಂದಳು ನಿಂಬೆವ್ವ.

"ನಮ್ಮಕ್ಕ ಬೈದ್ಲು, ಅಂದ್ರ ಇವತ್ತ ಗಿರಾಕಿ ಜೋರು ಅಂತ ತಿಳಕೋ, ಅಂದ," ಎಂದ ತಿಪ್ಪಣ್ಣ. "ರಾತ್ರಿ ಹೋಗಿ ಕಾಡತೇನಿ ಆಕೀನ, ಅಂತ ನಕ್ಕ."

ದೊಡ್ಡಮನಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ. ನಿಂಬೆವ್ವ ಆಗ ಅತ್ತಳು. ತಮ್ಮ ಹೋದಂದಿನಿಂದ ಆಕೆ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ತಿಪ್ಪಣ್ಣನೂ ಅತ್ತ. ಹುಸೇನಬಿ ಇಬ್ಬರ ನಡುವೆ ಕೂತಳು. ಆ ಸಂಜೆ ನಿಂಬೆವ್ವ, ಎಷ್ಟೋ ದಿನಗಳ ಮೇಲೆ, ತಾನೂ ಒಂದು ತಟ್ಟೆ ಹಾಕಿಕೊಂಡು ಹೊಟ್ಟೆ ತುಂಬ ಉಂಡಳು.

ಕೋರ್ಟಿನಲ್ಲಿ ಕೇಸು ನಡೆಯುತ್ತ ಹೋಯಿತು. ಕೋರ್ಟಿನವರು ಕರೆದಾಗಲೆಲ್ಲ ತಿಪ್ಪಣ್ಣ ಸಾಕ್ಷಿಗೆ ಹೋಗುತ್ತಿದ್ದ, ಗದಗಿಗೆ ಬಂದರೆ ಇಲ್ಲೇ ಉಣ್ಣುತ್ತಿದ್ದ. ನನ್ನ ಮೇಲೆ ಕ್ರಿಕೆಟ್ ಬಂತು, ಸೀರಿಯಲ್ ಬಂತು, ಬೇರೆ ಊರಿನ ಬೇರೆ ಕೊಲೆಗಳೂ ಬಂದವು. ಕೆಂಪು ವೃತ್ತ ಕಂಡೊಡನೆ ನಿಂಬೆವ್ವ ಗದ್ದಲವಿಲ್ಲದೆ ಬಂದು ನನ್ನನ್ನು ಆರಿಸುತ್ತಿದ್ದಳು. ಯಾರಾದರೂ ಯಾಕೆಂದರೆ, "ಇವನ ಮನಿಯವರೂ ಎಲ್ಲೋ ಕುಂತು ನೋಡಾಕತ್ತಿರ್ತಾರ. ನೀವು ಉಣ್ರಿ," ಎನ್ನುತ್ತಿದ್ದಳು.

ಕಾಲ ಕಳೆದಂತೆ ನನ್ನ ಮುಖದ ಮೇಲೆ ಉದ್ದ ಗೆರೆಗಳು ಮೂಡಿದವು. ಆಮೇಲೆ ಮಾತು ಮಾತ್ರ ಉಳಿದು ಚಿತ್ರ ಹೋಯಿತು. ಒಂದು ದಿನ ಮಾತೂ ನಿಂತಿತು. ಗೋಡೆಗೆ ಹೊಸ ಟಿವಿ ಬಂದಾಗ ನನ್ನನ್ನು ಉಗ್ರಾಣದಲ್ಲಿ ಜೋಳದ ಚೀಲಗಳ ಪಕ್ಕ ಒರಗಿಸಿದರು.

"ಗುಜರಿಗೆ ಹಾಕಬಾರದೇನ ಇದನ್ನ?" ಎಂದಳು ಹುಸೇನಬಿ.

"ಇರಲಿ ಬಿಡು. ಅನ್ನ ಕೇಳ್ತೈತೇನು ನಮ್ಮನ್ನ?" ಎಂದಳು ನಿಂಬೆವ್ವ.

ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಇಬ್ಬರೂ ಇಲ್ಲೇ ಬಂದು ಕೂರುತ್ತಾರೆ. ಕಿಟಕಿಯ ಬಿಸಿಲಿನಲ್ಲಿ ಕಾಲು ಚಾಚಿ, ಮೊಣಕಾಲು ನೋವಿನ ಬಗ್ಗೆ, ಎಣ್ಣೆಯ ಏರಿದ ಬೆಲೆಯ ಬಗ್ಗೆ, ಹುಸೇನಬಿಯ ಮೊಮ್ಮಗಳಿಗೆ ಬಂದ ಹೊಸ ಹಲ್ಲಿನ ಬಗ್ಗೆ ಮಾತಾಡುತ್ತಾರೆ. ಒಮ್ಮೊಮ್ಮೆ ನಿಂಬೆವ್ವ ಅರ್ಧ ಮಾತಿನಲ್ಲೇ ನಿದ್ದೆ ಹೋಗುತ್ತಾಳೆ. ನನ್ನ ಕಪ್ಪು ಗಾಜಿನಲ್ಲಿ ಅವರಿಬ್ಬರೂ ಮಂದವಾಗಿ ಕಾಣುತ್ತಾರೆ. ಬದುಕಿನುದ್ದಕ್ಕೂ ಜನ ನನ್ನನ್ನು ನೋಡಿದರು. ಈಗ ನಾನು ಇವರನ್ನು ನೋಡುತ್ತ ಕೂತಿದ್ದೇನೆ. ಸುದ್ದಿಯಾಗುವಂಥದ್ದು ಇಲ್ಲಿ ಏನೂ ನಡೆಯುವುದಿಲ್ಲ. ನೋಡಿ ಸಾಕೆನಿಸುವುದೂ ಇಲ್ಲ.