ಕಡಿಮೆ ಮಾಡಿ

ಪ್ರೆಸ್ಸಿನ ಮೂಲೆಯಲ್ಲಿದ್ದ ಸೊಂಟದೆತ್ತರದ ಹಳೆಯ ಫ್ರಿಜ್ಜಿಗೆ ಮಾಲೀಕರು ಕೊಟ್ಟದ್ದು ಒಬ್ಬ ಕೆಲಸಗಾರನ ಹತ್ತು ದಿನದ ಕೂಲಿಯಷ್ಟು. ಅದರೊಳಗೆ ಹಾಲಿನ ಪಕ್ಕ ಕೂತಿದ್ದ ಹೆಬ್ಬೆರಳು ಗಾತ್ರದ ಬಾಟಲಿಗೆ ತಿದ್ದಪ್ಪ ಕೊಟ್ಟದ್ದು ಒಂದಿಡೀ ತಿಂಗಳ ಸಂಬಳ.

ತಿದ್ದಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಇಪ್ಪತ್ತೆಂಟು ವರ್ಷ ಕರಡು ತಿದ್ದಿದ, ಮೊಸರಿನಲ್ಲೂ ಕಲ್ಲು ಹುಡುಕುವ ಆ ಮನುಷ್ಯನಿಗೆ ಪ್ರೆಸ್ಸಿನವರು ಕೊಟ್ಟ ಬಿರುದು. ಅವನ ಎಡಗಣ್ಣಿಗೆ ಆಪರೇಷನ್ ಆಗಿತ್ತು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಔಷಧಿಯನ್ನು ತಣ್ಣಗಿಡಬೇಕು, ಹೆಪ್ಪುಗಟ್ಟಿತೋ ಎಸೆಯಬೇಕು ಎಂದಿದ್ದರು ಡಾಕ್ಟರು. ಇನ್ನೊಂದು ಬಾಟಲಿ ಕೊಳ್ಳುವ ತಾಕತ್ತು ಅವನಿಗಿರಲಿಲ್ಲ. ಕಣ್ಣು ಹೋದರೆ ಕರಡೂ ಹೋಯಿತು, ಅನ್ನವೂ ಹೋಯಿತು. ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಮಾಲೀಕರನ್ನು ಕೇಳಿ ಇಲ್ಲಿಟ್ಟಿದ್ದ.

ಮೊದಲ ದಿನವೇ ಕಸ ಗುಡಿಸುವ ಅಕ್ಕ ಬಾಟಲಿಯ ಪಕ್ಕ ಒಂದು ಲೋಟ ನೀರು ತಂದಿಟ್ಟಳು. ಇದ್ಯಾಕೆ ಇಲ್ಲಿ, ಜಾಗ ದಂಡ ಎಂದು ತಿದ್ದಪ್ಪ ಗೊಣಗಿದ. ಇರಲಿ ಬಿಡಿ, ನಿಮಗೇನು ಭಾರವೇ ಎಂದು ಅವಳು ಬಕೆಟ್ ಎತ್ತಿಕೊಂಡು ಹೋದಳು.

ಎಂಟನೇ ದಿನ ಮಧ್ಯಾಹ್ನ ಹಾಲಿನ ಮೇಲೆ ಐಸಿನ ಚೂರು ಕಂಡವು. ಫ್ರಿಜ್ಜಿನ ತಂಪು ಹೊಂದಿಸುವ ಗುಂಡಿಯ ಮೇಲಿನ ಅಂಕಿಗಳು ಇರುವೆಯಷ್ಟು ಸಣ್ಣವು; ಒಂದೇ ಕಣ್ಣಿಗೆ ಎಟುಕಲಿಲ್ಲ. ಡಾಕ್ಟರ ಬಳಿ ಹೋಗುವ ಹೊತ್ತೂ ಆಗಿತ್ತು; ಸಂಜೆಯ ಹನಿ ಇವತ್ತು ಅಲ್ಲೇ. ಪುಸ್ತಕ ಹೊಲಿಯುವ ಬೈಂಡರ್ ಊಟಕ್ಕೆ ಹೋಗಿದ್ದ. ತಿದ್ದಪ್ಪ ಅವನಿಗೆಂದು ಒಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೊರಟ: 'ಕಡಿಮೆ ಮಾಡಿ.'

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹಾಲು ಕಲ್ಲಾಗಿತ್ತು. ಬಾಟಲಿ ಇದ್ದ ಜಾಗ ಬರಿದು. ತಿದ್ದಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಬೈಂಡರ್ ಓಡಿಬಂದ. "ಬಿಸಿ ಕಡಿಮೆ ಮಾಡು ಅಂತ ಅಂದ್ಕೊಂಡೆ ಮಾರಾಯ. ದೊಡ್ಡ ನಂಬರ್‌ಗೆ ತಿರುಗಿಸಿದ್ರೆ ಜಾಸ್ತಿ ತಣ್ಣಗಾಗತ್ತೆ ಅಂತ ಏಳಕ್ಕೆ ಇಟ್ಟೆ. ಏನು ಕಡಿಮೆ ಮಾಡ್ಬೇಕು ಅಂತ ನೀನು ಬರೀಲೇ ಇಲ್ಲ."

ತಿದ್ದಪ್ಪ ಬಾಗಿಲ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದ. ಊರಿನವರ ತಪ್ಪನ್ನೆಲ್ಲ ಹೆಕ್ಕಿದವನು ತನ್ನ ಎರಡು ಪದದಲ್ಲಿ ಮೂರನೆಯದನ್ನು ಬಿಟ್ಟಿದ್ದ.

ಆಗ ಅಕ್ಕ ಪೊರಕೆ ಗೋಡೆಗೊರಗಿಸಿ ಬಂದು, ಫ್ರಿಜ್ಜಿನ ಬಾಗಿಲ ಒಳಗಿನ ಖಾನೆಯಿಂದ ಬಟ್ಟೆಯ ಗಂಟೊಂದನ್ನು ತೆಗೆದಳು. ಬಿಚ್ಚಿದರೆ ಬಾಟಲಿ. ತಿದ್ದಪ್ಪ ಅದನ್ನು ಬೆಳಕಿಗೆ ಹಿಡಿದು ವಾಲಿಸಿದ. ಒಳಗಿನ ಗಾಳಿಗುಳ್ಳೆ ಸರಾಗವಾಗಿ ಆಚೆ ಜಾರಿತು. ಹೋದ ಜೀವ ಬಂತು.

"ನಿಮ್ಮ ಚೀಟಿ ನನಗೆ ಓದಕ್ಕೆ ಬರಲ್ಲ ಅಣ್ಣ," ಎಂದಳು. "ಸಂಜೆ ಗುಡಿಸೋವಾಗ ಲೋಟ ನೋಡಿದೆ. ನೀರಿನ ಮೇಲೆ ಕೆನೆ ಥರ ಐಸು ಕಟ್ಟಕ್ಕೆ ಶುರುವಾಗಿತ್ತು. ಮಗೂಗೆ ಹಾಲು ಕೊಡೋ ಮುಂಚೆ ಕೈ ಮೇಲೆ ಒಂದು ಹನಿ ಹಾಕ್ಕೊಂಡು ನೋಡಲ್ವಾ, ಹಾಗೇ ಇದು. ಔಷಧಿ ಹೆಪ್ಪುಗಟ್ಟಬಾರ್ದು ಅಂತ ನೀವು ಮಾಲೀಕರಿಗೆ ಹೇಳಿದ್ದು ಕೇಳಿದ್ದೆ, ನೀರು ನೋಡಿದ್ರೆ ಗೊತ್ತಾಗತ್ತೆ ಅಂತ ಲೋಟ ಇಟ್ಟಿದ್ದು. ಬಾಗಿಲ ಹತ್ರ ಅಷ್ಟು ಚಳಿ ಇರಲ್ಲ ಅಂತ ಸುತ್ತಿ ಅಲ್ಲಿಟ್ಟೆ. ಗುಂಡಿ ಮುಟ್ಟಕ್ಕೆ ಭಯ ಆಯ್ತು."

"ಮೊಸರಲ್ಲಿ ಕಲ್ಲು ಹುಡುಕ್ತಿದ್ದೋನಿಗೆ ಹಾಲಲ್ಲೇ ಸಿಕ್ತು," ಎಂದ ಬೈಂಡರ್. ಮೊದಲು ನಕ್ಕವನು ತಿದ್ದಪ್ಪನೇ. ನಗುತ್ತಲೇ ಅಕ್ಕನಿಗೆ ಕೈಮುಗಿದ. ಅಯ್ಯೋ, ಕೈ ಕೆಳಗಿಳಿಸಿ ಎಂದು ಅವಳು ಗದರಿದಳು.

ಚೀಟಿ ಹರಿದುಹಾಕಿ ಇನ್ನೊಂದು ಬರೆಯಲು ಕೂತವನು ಸ್ವಲ್ಪ ಯೋಚಿಸಿ ಹಾಳೆಯನ್ನು ಬದಿಗಿಟ್ಟ. ಬೈಂಡರನ ಕೈಯಲ್ಲಿ ಗುಂಡಿಯನ್ನು ಮೂರಕ್ಕೆ ತಿರುಗಿಸಿ, ಕರಡಿಗೆ ಬಳಸುವ ಕೆಂಪು ಶಾಯಿಯಲ್ಲಿ ಗುಂಡಿಯ ಮೇಲೊಂದು, ಪಕ್ಕದಲ್ಲೊಂದು ಗೆರೆ ಎಳೆದ. ಗೆರೆಗೆ ಗೆರೆ ಕೂಡಿರಬೇಕು, ತಪ್ಪಿದ್ದರೆ ನೀನೇ ತಿರುಗಿಸಬೇಕು ಎಂದು ಅಕ್ಕನಿಗೆ ಒಪ್ಪಿಸಿದ. ಆಮೇಲೆ ಲೋಟದ ನೀರು ಬದಲಿಸಿ ಅದರ ಜಾಗದಲ್ಲೇ ಇಟ್ಟ.

ಹೋದದ್ದು ಅರ್ಧ ಲೀಟರ್ ಹಾಲು. ಉಳಿದದ್ದು ಒಂದು ಕಣ್ಣು.