ಕಂಪ್ಲಿಯ ದೀಪ

ಗಣಪತಿಯನ್ನು ಹೊಳೆಗೆ ಕಳಿಸಿ ಆಗಿತ್ತು. ಭಾದ್ರಪದದ ಒಂದು ಮಂಗಳವಾರ ಬೆಳಿಗ್ಗೆ, ಬಿಸಿಲು ಇನ್ನೂ ಗುಡಿಯ ಕಟ್ಟೆ ಹತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಇದು ಶುರುವಾಯಿತು.

ಹೊಸಪೇಟೆಯ ನಮ್ಮ ಓಣಿಯ ಊರಮ್ಮನ ಗುಡಿಯಲ್ಲಿ ಕಸ ಹೊಡೆಯುವುದು, ದೀಪಕ್ಕೆ ಎಣ್ಣೆ ಹಾಕುವುದು ನನ್ನ ಕೆಲಸ. ಕಟ್ಟೆಯ ಮೇಲೆ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ.

ಬಳ್ಳಾರಿ ಜಿಲ್ಲೆ ಒಡೆದು ಹೊಸಪೇಟೆಗೆ ಹೊಸ ಜಿಲ್ಲೆ ಬಂದಿತ್ತು. ಸರ್ಕಾರದ ಸಮಾರಂಭ ಮುಂದಿನ ವಾರದ ಶನಿವಾರಕ್ಕೆ ಗೊತ್ತಾಗಿತ್ತು. ಅದಕ್ಕೂ ಮೊದಲು ಜಿಲ್ಲೆಗೆ ಒಂದು ಧ್ವಜ ಆರಿಸಿ ಗುಡಿ ಮುಂದೆ ಏರಿಸಬೇಕೆಂದು ನಮ್ಮ ಓಣಿಯ ಹೋರಾಟದ ಬಳಗದವರು ನಿಂತರು. ಜಿಲ್ಲೆಗೂ ಧ್ವಜ ಇರುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ, "ರಾಜ್ಯಕ್ಕ ಐತಿ, ನಮಗ್ಯಾಕ ಬ್ಯಾಡ?" ಅಂದ ಲಿಂಗರಾಜ್. ಬಳಗಕ್ಕೆ ಅವನೇ ಮುಂದಾಳು. ಹಿರಿಯರಿಗೆ ಎಡೆ ಇಡುವ ಪಕ್ಷಮಾಸದಲ್ಲಿ ಒಳ್ಳೆಯ ಕೆಲಸ ಬೇಡ ಎಂದು ಹೆಂಗಸರು ಗೊಣಗಿದರು. "ಸರ್ಕಾರಕ್ಕ ಇಲ್ಲದ ಪಕ್ಷಮಾಸ ನಿಮಗೆಲ್ಲಿಂದ ಬಂತು?" ಅಂದು ಅವರ ಬಾಯಿ ಮುಚ್ಚಿಸಿದ.

ಮೈಲಾರಲಿಂಗಪ್ಪ ಕಂಪ್ಲಿಯವನು. ಮೀಸೆ ಮೂಡುವ ಮೊದಲೇ ಹೊಸಪೇಟೆಗೆ ಬಂದು, ಅದಿರಿನ ಲಾರಿಗಳ ಮೇಲೆ ಹೆಸರು, ಹೂಬಳ್ಳಿ ಬರೆಯುತ್ತ ನಮ್ಮ ಓಣಿಯಲ್ಲೇ ಬಾಡಿಗೆಗಿದ್ದ. ಮರಿಯಮ್ಮನಹಳ್ಳಿ ದಾರಿಯಲ್ಲಿ ಲಾರಿ ಎದುರಾದರೆ ಇದು ಅವನ ಕೈ ಎಂದು ಓದಲು ಬಾರದವರೂ ಹೇಳುತ್ತಿದ್ದರು. ಜಿಲ್ಲೆ ಬೇಕೆಂದು ಊರು ಬಂದ್ ಮಾಡಿದ ದಿನ ಲಿಂಗರಾಜ್ ಅವಸರದಲ್ಲಿ ಒಂದು ಅಂಗಡಿಯ ಶೆಟರ್ ಎಳೆದ. ಮೈಲಾರಲಿಂಗಪ್ಪನ ಬಲಗೈ ಅದರಡಿ ಇತ್ತು. ಎಲುಬು ಕೂಡಿತು, ಬೆರಳು ಮಡಚಲಿಲ್ಲ. ಕುಂಚ ಹೋಯಿತು, ಲಾರಿ ಬರೆಯುತ್ತಿದ್ದವನು ಲಾರಿ ತೊಳೆಯತೊಡಗಿದ.

ಆವತ್ತು ಆಸ್ಪತ್ರೆಯಲ್ಲಿ ಲಿಂಗರಾಜ್, "ಮೈಲಾರಣ್ಣ, ಜಿಲ್ಲಾ ಆದ ದಿನ ಧ್ವಜದ ಹಗ್ಗ ನಿನ್ನ ಕೈಯಾಗ ಕೊಡ್ತೀನಿ. ಇಡೀ ಊರು ನೋಡ್ಲಿ," ಅಂದಿದ್ದ. ಕೈಗೆ ಬದಲು ಅವನಿಗೆ ಸಿಕ್ಕಿದ್ದು ಆ ಮಾತೊಂದೇ. ಅದನ್ನು ಅವನು ಜತನವಾಗಿ ಇಟ್ಟುಕೊಂಡಿದ್ದ. ಗುಡಿಗೆ ಬಂದಾಗಲೆಲ್ಲ, "ಅಜ್ಜಾ, ಹಗ್ಗ ನಂದು ನೋಡು," ಅನ್ನುತ್ತಿದ್ದ.

ಆದರೆ ಜಿಲ್ಲೆ ಬಂದಾಗ ಅದರಲ್ಲಿ ಕಂಪ್ಲಿ ಇರಲಿಲ್ಲ. ನನ್ನ ಕಾಲದಲ್ಲಿ ಕಂಪ್ಲಿಯವರು ಎಲ್ಲ ಕೆಲಸಕ್ಕೂ ಹೊಸಪೇಟೆ ತಾಲೂಕು ಕಚೇರಿಗೇ ಬರುತ್ತಿದ್ದರು. ಈಗ ಕಂಪ್ಲಿ, ಸಂಡೂರು ಎರಡೂ ಬಳ್ಳಾರಿಯಲ್ಲೇ ಉಳಿದವು.

ಆ ಮಂಗಳವಾರ ಕಟ್ಟೆಯ ಮೇಲೆ ಎರಡು ಧ್ವಜ ಹಾಸಿದರು. ಒಂದನ್ನು ಲಿಂಗರಾಜನ ಹೆಂಡತಿಯ ತಮ್ಮ ಕಿರಣ್ ಕುಮಾರ್ ಫ್ಲೆಕ್ಸ್ ಅಂಗಡಿಯಲ್ಲಿ ಹೊಡೆಸಿದ್ದ. ಡ್ಯಾಮು, ಕಲ್ಲಿನ ರಥ, ಮೂಲೆಯಲ್ಲಿ ಕೈಮುಗಿದ ಲಿಂಗರಾಜ್. ಇನ್ನೊಂದು ಮೈಲಾರಲಿಂಗಪ್ಪ ಎಡಗೈಯಲ್ಲಿ ಬರೆದದ್ದು. ಕೆಮ್ಮಣ್ಣಿನ ಬಣ್ಣದ ಬಟ್ಟೆ, ನಡುವೆ ನೀಲಿ ಹೊಳೆ, ಹೊಳೆಯ ದಂಡೆಗೆ ಹೋರಾಟಕ್ಕೆ ಬಂದ ಊರಿಗೊಂದರಂತೆ ದೀಪ. ಗಾಳಿಗೆ ಹಾರುವ ತುದಿಯಲ್ಲಿ ಸಂಡೂರಿನದೊಂದು, ಕಂಪ್ಲಿಯದೊಂದು.

"ದೀಪ ಎಲ್ಲಾ ಕುಡ್ದಂಗ ವಾಲ್ಯಾವಲ್ಲೋ," ಅಂದ ಕಿರಣ್ ಕುಮಾರ್.

"ಎಡಗೈ ಅಲ್ಲೇನಪ್ಪ," ಅಂದ ಮೈಲಾರಲಿಂಗಪ್ಪ. "ಏರಿಸಿದ ಮ್ಯಾಲ ನೆಟ್ಟಗ ಕಾಣ್ತಾವ."

ಲಿಂಗರಾಜ್ ತುದಿಯ ದೀಪಗಳ ಮೇಲೆ ಬೆರಳಿಟ್ಟ. "ಅಣ್ಣ, ನಿಮ್ಮೂರು ಬಳ್ಳಾರಿ ಆತು. ಬ್ಯಾರೆ ಮನಿಯವ್ರು ಬಂದು ನಮ್ಮ ಬಾಗಿಲಿಗೆ ತ್ವಾರಣ ಕಟ್ಟಿದ್ರ ಚಂದ ಕಾಣ್ತದೇನು?"

"ನಾ ಇರೋದು ಈ ಓಣ್ಯಾಗಲ್ಲೋ."

"ಬಾಡಿಗಿಗೆ."

ಸೇರಿದ್ದವರು ನಕ್ಕರು. ಮೈಲಾರಲಿಂಗಪ್ಪನೂ ಸ್ವಲ್ಪ ನಕ್ಕ. ಬೆರಳು ಮಡಚದ ಆ ಕೈಯನ್ನು ನೋಡಿಕೊಂಡು ಬಾಯಿಬಿಟ್ಟು ಬೇಡ ಅನ್ನುವುದು ಲಿಂಗರಾಜನಿಗೂ ಕಷ್ಟವಿತ್ತು ಅಂತ ಕಾಣುತ್ತದೆ. ಅಮ್ಮನನ್ನೇ ಕೇಳೋಣ ಅಂದ.

ನಮ್ಮಲ್ಲಿ ಗೊಂದಲ ಬಿದ್ದಾಗ ಅಮ್ಮನ ಎರಡು ಹೆಗಲಿಗೂ ಒದ್ದೆ ಹೂ ಅಂಟಿಸುತ್ತಾರೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡದ್ದು ಬಿದ್ದರೆ ಬೇಡ ಅಂತ. ಪೂಜಾರಿ ಚೆನ್ನಬಸಮ್ಮ ಫ್ಲೆಕ್ಸಿನ ಸಲುವಾಗಿ ಕೇಳಿದಳು. ಎಡದ ಹೂ ಬಿತ್ತು. ಬಟ್ಟೆಯ ಧ್ವಜಕ್ಕೆ ಕೇಳಿದಳು. ಎರಡೂ ಹೂ ಬಹಳ ಹೊತ್ತು ಅಂಟಿಕೊಂಡೇ ಇದ್ದವು. ಆಮೇಲೆ ಬಲದ ಹೂ ಜಾರಿ ಬಟ್ಟೆಯ ಮೇಲೇ ಬಿತ್ತು.

ಮೈಲಾರಲಿಂಗಪ್ಪ ಕೂತಲ್ಲೇ ಅಡ್ಡಬಿದ್ದ.

ಲಿಂಗರಾಜ್ ಕೈಮುಗಿದ. "ಅಮ್ಮ ಕೊಟ್ಟಾಳ, ಇದ ಧ್ವಜ. ಆದ್ರ ತುದಿ ಎರಡು ದೀಪ ತೆಗೀರಿ."

"ಅಮ್ಮ ಹೂ ಕೊಟ್ಟ ಅರಿವಿಗೆ ಕತ್ತರಿ ಹಚ್ಚಬಾರದಪ್ಪ," ಅಂದಳು ಚೆನ್ನಬಸಮ್ಮ. "ಹಚ್ಚಿದ ಕೈಗೆ ದೋಷ ಬರ್ತದ."

ದರ್ಜಿಯ ಮನೆಯಿಂದ ಕತ್ತರಿ ಬಂತು. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು, ಯಾರೂ ಬಟ್ಟೆಯ ಹತ್ತಿರ ಹೋಗಲಿಲ್ಲ. ಕಿರಣ್ ಕುಮಾರ್ ತನಗೆ ಮದುವೆ ಗೊತ್ತಾಗಿದೆ ಅಂದ. ಕೊನೆಗೆ ಲಿಂಗರಾಜ್ ಅದನ್ನು ತಗೊಂಡು ಮೈಲಾರಲಿಂಗಪ್ಪನ ಪಕ್ಕ ಕೂತ.

"ಮೈಲಾರಣ್ಣ, ಬರದಾವ ನೀನು. ಹಡದಾಕಿ ಹೊಕ್ಕಳ ಕೊಯ್ದ್ರ ದೋಷ ಏನು?"

"ಹಗ್ಗ?"

"ಹಗ್ಗ ನಿಂದ. ಅಮ್ಮನ ಮುಂದ ಕುಂತು ಸುಳ್ಳು ಆಡ್ತೀನೇನು?"

ಮೈಲಾರಲಿಂಗಪ್ಪ ಬಲಗೈಯ ಮೊಂಡು ಬೆರಳುಗಳಿಂದ ಬಟ್ಟೆ ಅದುಮಿ, ಎಡಗೈಯಲ್ಲಿ ಕತ್ತರಿ ಹಿಡಿದ. ಕತ್ತರಿ ಎಡಗೈಗೆ ಒಗ್ಗುವುದಿಲ್ಲ. ಬಟ್ಟೆಯನ್ನು ಅಗಿದು ಅಗಿದು ಬಿಡುತ್ತಿತ್ತು. ಯಾರೂ ಸಹಾಯಕ್ಕೆ ಬಟ್ಟೆ ಹಿಡಿಯಲಿಲ್ಲ.

"ಜರಾ ನೆಟ್ಟಗ ಕೊಯ್ಯಣ್ಣ," ಅಂದ ಲಿಂಗರಾಜ್.

ತುದಿ ಕಳಚಿ ಬಿತ್ತು. ಅದನ್ನು ಕೊಡು ಎಂದು ಮೈಲಾರಲಿಂಗಪ್ಪ ಕೈ ಚಾಚುವಷ್ಟರಲ್ಲಿ ಲಿಂಗರಾಜ್ ಎತ್ತಿಕೊಂಡು ಎದ್ದಿದ್ದ. ಹೊರಗೆ ಹೋಗಿ ಅದರಿಂದಲೇ ಬೈಕಿನ ಸೀಟು ಒರೆಸಿ, ಅಲ್ಲೇ ಹ್ಯಾಂಡಲ್‌ಗೆ ಸಿಕ್ಕಿಸಿದ. ಕಂಪ್ಲಿಯ ದೀಪ ಮೇಲ್ಮುಖವಾಗಿ ಕಾಣುತ್ತಿತ್ತು.

ಸಮಾರಂಭದ ವಾರದ ಮಂಗಳವಾರ ಧ್ವಜ ಏರಿಸಿದರು. ಓಣಿಯೆಲ್ಲ ಸೇರಿತ್ತು. ಮೈಲಾರಲಿಂಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಎಲ್ಲರಿಗಿಂತ ಮೊದಲೇ ಬಂದು ಕಂಬದ ಬುಡದಲ್ಲಿ ನಿಂತಿದ್ದ. ಹಗ್ಗ ಜಾರದಿರಲಿ ಅಂತ ಎರಡೂ ಅಂಗೈಗೆ ವಿಭೂತಿ ತಿಕ್ಕಿಕೊಂಡಿದ್ದ. ಲಿಂಗರಾಜ್ ಹಗ್ಗ ಹಿಡಿದು ಎಲ್ಲರಿಗೂ ಕೇಳುವಂತೆ ಚೆನ್ನಬಸಮ್ಮನನ್ನು ಕರೆದ.

"ಅವ್ವಾ, ಅಮ್ಮನ ಅರಿವಿಗೆ ಕತ್ತರಿ ಹಚ್ಚಿದ ಕೈ ಹಗ್ಗ ಮುಟ್ಟಬಹುದೇನ್ರಿ?"

ಅವಳಿಗೆ ಶಾಸ್ತ್ರ ಗೊತ್ತು, ಸುಳ್ಳು ಹೇಳಲು ಬಾರದು. "ಮುಟ್ಟಬಾರದಪ್ಪ," ಅಂದಳು.

"ಕೇಳಿದೆಲ್ಲಣ್ಣ? ನಾ ಹೇಳಿದ್ದಲ್ಲ, ಅಮ್ಮಂದು ಮಾತು. ಜರಾ ಆಚಿ ಸರಿ."

"ಕೊಟ್ರೂ ಹಿಡ್ಯಾಕ ಬೆರಳೆಲ್ಲಿ ಅದಾವಲೇ," ಅಂದರು ಹಿಂದಿನಿಂದ ಯಾರೋ. ನಗೆ ಮುಂದಿನ ಸಾಲಿನವರೆಗೂ ಬಂತು.

ಮೈಲಾರಲಿಂಗಪ್ಪ ಸರಿಯಲಿಲ್ಲ. ಚೆನ್ನಬಸಮ್ಮನ ಕಡೆಗೇ ತಿರುಗಿದ. "ಅವ್ವಾ, ಶೆಟರ್ ಎಳೆದ ಕೈ ಮುಟ್ಟಬಹುದೇನು?"

ನಗೆ ನಿಂತಿತು. ಅವಳು ಸೆರಗು ಸರಿಮಾಡಿಕೊಂಡಳು. "ಅದಕ್ಕ ಶಾಸ್ತ್ರ ಇಲ್ಲಪ್ಪ," ಅಂದಳು.

ಲಿಂಗರಾಜ್ ಕೊಟ್ಟ ಹಗ್ಗವನ್ನು ಕಿರಣ್ ಕುಮಾರ್ ಎಳೆದ. ಧ್ವಜ ಬಿಚ್ಚಿಕೊಂಡಿತು. ದೀಪಗಳು ಮೈಲಾರಲಿಂಗಪ್ಪ ಹೇಳಿದಂತೆ ಮೇಲೆ ಹೋದ ಮೇಲೆ ನೆಟ್ಟಗೇ ಕಂಡವು. ಕೊಯ್ದ ತುದಿ ಎಳೆಎಳೆಯಾಗಿ ಹಾರುತ್ತಿತ್ತು. ಪಟಾಕಿ ಹಚ್ಚಿದರು, ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣೆ ಹಂಚಿದರು. ಯಾರೋ ಅವನ ಎಡಗೈಯಲ್ಲೂ ಒಂದು ಪ್ಲೇಟ್ ಇಟ್ಟರು.

ಆಮೇಲಿನ ಮೂರು ದಿನ ಅವನು ಕಟ್ಟೆಯ ಮೂಲೆಯಲ್ಲಿ ಕೂತು ಕಂಬ ನೋಡುತ್ತಿದ್ದ. ಅಮ್ಮನ ಮುಂದೆ ಆಡಿದ ಮಾತು ತಪ್ಪಿದವರಿಗೆ ಏನಾದರೂ ಆಗುತ್ತದೆ ಎಂದು ಕಾಯುತ್ತಿದ್ದ ಅನ್ನಿಸುತ್ತದೆ. ನಾನೂ ಕಾಯುತ್ತಿದ್ದೆ. ಏನೂ ಆಗಲಿಲ್ಲ. ಮಳೆ ಹದವಾಗಿ ಬಂತು. ಕಿರಣ್ ಕುಮಾರ್‌ನ ಲಗ್ನಪತ್ರಿಕೆಯನ್ನು ಅಮ್ಮನ ಮುಂದಿಟ್ಟು ಹೂ ಕೇಳಿದರು, ಬಲದ್ದೇ ಬಿತ್ತು.

ಶನಿವಾರ ಸಮಾರಂಭಕ್ಕೆ ಸುತ್ತಲ ಊರುಗಳ ಜನವೆಲ್ಲ ಹೊಸಪೇಟೆಗೆ ಬರುತ್ತಿದ್ದರು. ಬಸ್ಸುಗಳು ತುಂಬಿ ಬಂದು ಖಾಲಿ ಹೋಗುತ್ತಿದ್ದವು. ಮೈಲಾರಲಿಂಗಪ್ಪ ಬಾಡಿಗೆ ಕೋಣೆಯ ಕೀಲಿಯನ್ನು ಮಾಲೀಕರಿಗೆ ಮುಟ್ಟಿಸೆಂದು ನನ್ನ ಕೈಗೆ ಕೊಟ್ಟು, "ಕಂಪ್ಲಿ ಬಸ್ಸಿನ್ಯಾಗ ಸೀಟು ಸಿಗ್ತದ ಇವತ್ತು," ಅಂದ. ಲಿಂಗರಾಜನ ಬೈಕು ದಾರಿಗೆ ಅಡ್ಡ ನಿಂತಿತ್ತು. ಅದನ್ನು ಬಳಸಿಕೊಂಡು, ಹ್ಯಾಂಡಲ್‌ಗೆ ಸಿಕ್ಕಿಸಿದ ಬಟ್ಟೆಯ ಕಡೆ ನೋಡದೆ, ಆ ಶನಿವಾರವೇ ಹೋದ.