ಇಪ್ಪತ್ತು ಪಟ್ಟು

ಕಾಲೇಜು ಅಧ್ಯಾಪಕರಿಗಾಗಿ ಮೂವತ್ತು ವಿಡಿಯೋ ಮಾಡಿಸುತ್ತಾರಂತೆ ಎಂಬ ಸುದ್ದಿ ಹಲಸೂರಿನ ಕಾಲೇಜಿಗೆ ಬಂದ ದಿನವೇ ಮಧುರಾ ಮನಸ್ಸಿನಲ್ಲಿ ಸೀರೆ ಆರಿಸಿಬಿಟ್ಟಿದ್ದಳು. ಪಾಠ ಹೇಗೆ ಮಾಡಬೇಕೆಂದು ಪಾಠ ಮಾಡುವವರಿಗೇ ತೋರಿಸಿಕೊಡುವ ವಿಡಿಯೋಗಳು. ಒಂದು ಟ್ರಸ್ಟಿನವರು ತೆಗೆಯುತ್ತಾರೆ, ನೂರಾರು ಪದವಿ ಕಾಲೇಜುಗಳಲ್ಲಿ ನೋಡುತ್ತಾರೆ, ನೋಡಿ ಮುಗಿಸಿ ಹತ್ತು ಪ್ರಶ್ನೆಗೆ ಉತ್ತರಿಸಿದವರಿಗೆ ಸರ್ಟಿಫಿಕೇಟು. ರಸಾಯನಶಾಸ್ತ್ರಕ್ಕೆ ಈ ಕಾಲೇಜಿನಿಂದಲೇ ಒಬ್ಬರನ್ನು ಆರಿಸುತ್ತೇವೆಂದು ಪ್ರಿನ್ಸಿಪಾಲರಿಗೆ ಪತ್ರ ಬಂದಿತ್ತು. ವಿಭಾಗದಲ್ಲಿ ಇದ್ದವರೇ ಇಬ್ಬರು, ಮಧುರಾ ಮತ್ತು ಭಾಗ್ಯಲಕ್ಷ್ಮಿ. ಆರಿಸಬೇಕಾದರೆ ಭಾಗ್ಯಳೂ ಒಬ್ಬ ಅಭ್ಯರ್ಥಿಯೇ ಎಂಬುದು ಮಧುರಾಗೆ ಹೊಳೆಯಲೇ ಇಲ್ಲ.

ಇಬ್ಬರೂ ಹತ್ತೊಂಬತ್ತು ವರ್ಷದ ಹಿಂದೆ ಒಂದೇ ದಿನ ಕೆಲಸಕ್ಕೆ ಸೇರಿದವರು. ಮಧುರಾ ಬೆಳೆದದ್ದು ಜೀವನ್ ಬಿಮಾ ನಗರದಲ್ಲಿ, ಅಪ್ಪ ವಿಮಾ ಕಚೇರಿಯ ಅಧಿಕಾರಿ. ಎಂ.ಎಸ್‌ಸಿ.ಯಲ್ಲಿ ಮೂರನೇ ರ್‍ಯಾಂಕು, ಸೊಗಸಾದ ಇಂಗ್ಲಿಷು. ಭಾಗ್ಯ ದೊಡ್ಡನೆಕ್ಕುಂದಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವಳು. ಅಪ್ಪ ಸಂಜೀವಪ್ಪ ಊರ ಪಕ್ಕದ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದರು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದ ಭಾಗ್ಯ ಪಿಎಚ್.ಡಿ. ಬರೆಯುವಾಗ ಅದರ ಇಂಗ್ಲಿಷನ್ನು ಪುಟಪುಟವೂ ತಿದ್ದಿಕೊಟ್ಟವಳು ಮಧುರಾ. ಮದುವೆ, ಬಾಣಂತನ, ಸಾವು ನೋವು ಎಲ್ಲಕ್ಕೂ ಒಬ್ಬರಿಗೊಬ್ಬರು ಆದವರು. ಆದರೆ ಆ ಗೆಳೆತನದಲ್ಲಿ ಕೊಡುವ ಕೈ ತನ್ನದು, ತೆಗೆದುಕೊಳ್ಳುವ ಕೈ ಭಾಗ್ಯಳದು ಎಂದು ಮಧುರಾ ಎಂದೋ ತೀರ್ಮಾನಿಸಿಕೊಂಡಿದ್ದಳು. ಆ ಏರ್ಪಾಟು ಅವಳಿಗೆ ಹಿತವಾಗಿತ್ತು.

ಟ್ರಸ್ಟಿನ ಕಡೆಯಿಂದ ದಿವ್ಯ ಎಂಬ ಹುಡುಗಿ ಬಂದು ಇಬ್ಬರ ತರಗತಿಯಲ್ಲೂ ಹಿಂದಿನ ಬೆಂಚಿನಲ್ಲಿ ಕೂತಳು. ಮಧುರಾ ಮೊಳಕಾಲ್ಮೂರು ಸೀರೆಯುಟ್ಟು, ನಲವತ್ತೆರಡು ಸ್ಲೈಡು ತೋರಿಸಿ, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪಾಠ ಮುಗಿಸಿದಳು. ಒಬ್ಬ ವಿದ್ಯಾರ್ಥಿಯೂ ಉಸಿರೆತ್ತಲಿಲ್ಲ. ಶಿಸ್ತು ಅಂದರೆ ಇದು ಎಂದುಕೊಂಡಳು.

ಭಾಗ್ಯ ಮಾತ್ರ ಒಂದು ನಿಂಬೆಹಣ್ಣು, ಒಂದಿಷ್ಟು ಸೋಪಿನ ನೀರು, ಅರಿಶಿನ ಬಳಿದು ಒಣಗಿಸಿದ ಕಾಗದದ ಚೂರುಗಳನ್ನು ಹಿಡಿದು ಹೋದಳು. ಸೋಪಿನ ನೀರು ಬಿದ್ದ ಅರಿಶಿನದ ಕಾಗದ ಕೆಂಪಾಯಿತು. "ಯಾಕೆ?" ಅಂದಳು. ಅಂದು ಸುಮ್ಮನೆ ನಿಂತಳು. ತರಗತಿ ಗಪ್‌ಚುಪ್. ಭಾಗ್ಯ ಉತ್ತರ ಹೇಳಲಿಲ್ಲ, ಇನ್ನೊಬ್ಬರ ಹೆಸರು ಕೂಗಲಿಲ್ಲ, ಕಾಯುತ್ತಲೇ ಇದ್ದಳು. ಕೊನೆಗೆ ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಮೂಲೆಯಿಂದ, "ಮ್ಯಾಮ್, ಬಟ್ಟೆ ಮೇಲೆ ಸಾರು ಬಿದ್ದಾಗ ಸೋಪ್ ಹಾಕಿದ್ರೂ ಹಿಂಗೇ ಕೆಂಪಾಗತ್ತೆ," ಅಂದಳು. ಆಮೇಲೆ ಇಡೀ ತರಗತಿ ಮಾತಾಡಿತು.

ಸಂಜೆ ದಿವ್ಯ ಸ್ಟಾಫ್‌ರೂಮಿಗೆ ಬಂದು, "ಮಧುರಾ ಮೇಡಂ, ನಿಮ್ ಸ್ಲೈಡ್ಸ್ ತುಂಬಾ ನೀಟಾಗಿತ್ತು," ಎಂದು ನಕ್ಕಳು. ಆಮೇಲೆ ಭಾಗ್ಯಳ ಕಡೆ ತಿರುಗಿ, "ಮೇಡಂ, ಶೂಟಿಂಗ್ ಡೇಟ್ ನಿಮಗೆ ಯಾವಾಗ ಆಗತ್ತೆ?" ಎಂದು ಕೇಳಿದಳು.

ಭಾಗ್ಯಳೇ ಬೆಚ್ಚಿಬಿದ್ದಳು. "ನಾನಾ? ಅಯ್ಯೋ, ಮಧುರಾನ ಕೇಳಿ ನೀವು!"

ಮಧುರಾ ಎದ್ದು ಅವಳನ್ನು ತಬ್ಬಿಕೊಂಡಳು.

ಮನೆಗೆ ಹೋಗಿ ಒಗ್ಗರಣೆ ಹಾಕುತ್ತ ಗಂಡ ಸುದರ್ಶನನಿಗೆ ಹೇಳಿದಳು. "ಅವರಿಗೆ ಈಗ ಅಂಥೋರೇ ಬೇಕು ಕಣ್ರೀ. ಕಷ್ಟಪಟ್ಟು ಮೇಲೆ ಬಂದ್ರು, ಹಳ್ಳಿಯಿಂದ ಬಂದ್ರು ಅಂತ ತೋರಿಸ್ಕೋಬೇಕಲ್ಲ. ವಿಷಯ ಯಾರಿಗೆ ಬೇಕು?"

"ಹೊಟ್ಟೆಕಿಚ್ಚಾ?" ಅಂದ ಸುದರ್ಶನ್, ಪೇಪರಿನಿಂದ ಕಣ್ಣೆತ್ತದೆ.

"ನನಗ್ಯಾಕ್ರೀ ಹೊಟ್ಟೆಕಿಚ್ಚು? ಅವಳ ಥೀಸಿಸ್ ತಿದ್ದಿದೋಳು ನಾನು," ಎಂದಳು. ಸಾಸಿವೆ ಸೀದುಹೋಯಿತು.

ಹತ್ತು ದಿನದ ಮೇಲೆ, ಮಧ್ಯಾಹ್ನ, ಲ್ಯಾಬಿನಲ್ಲಿ ಅಟೆಂಡರ್ ಪೀರಪ್ಪ ಬ್ಯೂರೆಟ್ಟುಗಳನ್ನು ತೊಳೆದು ಸಾಲಾಗಿ ನಿಲ್ಲಿಸುತ್ತಿದ್ದ. ಭಾಗ್ಯ ಆರು ಹಾಳೆಯ ಕಟ್ಟು ಹಿಡಿದು ಓಡಿಬಂದಳು. ತರಗತಿಯ ಭಾಗವನ್ನು ಹೇಗಿದೆಯೋ ಹಾಗೇ ಚಿತ್ರೀಕರಿಸುತ್ತಾರೆ. ಆಮೇಲೆ ಕ್ಯಾಮೆರಾ ಮುಂದೆ ನಿಂತು, ಯಾಕೆ ಹಾಗೆ ಪಾಠ ಮಾಡಿದೆ ಎಂದು ಅಧ್ಯಾಪಕರಿಗೆ ಹೇಳಬೇಕು. ಅವಳು ಕೈಯಲ್ಲಿ ಬರೆದುಕೊಟ್ಟದ್ದನ್ನು ದಿವ್ಯಳ ಕಚೇರಿಯವರು ಟೈಪ್ ಮಾಡಿ ಕಳಿಸಿದ್ದರು.

"ಒಂದ್ಸಲ ನೋಡೇ ಮಾರಾಯ್ತಿ. ನನಗೆ ಕೈಕಾಲೇ ಆಡ್ತಿಲ್ಲ. ನಾಳೆ ಶೂಟಿಂಗು. ನೀನು ಸರಿ ಅಂದ್ರೆ ಧೈರ್ಯ."

ಮಧುರಾ ಓದಿದಳು. ಚೆನ್ನಾಗಿತ್ತು, ಅದೇ ಸಂಕಟ. ನಾಲ್ಕನೆಯ ಹಾಳೆಯ ನಡುವೆ ಅವಳ ಕಣ್ಣು ನಿಂತಿತು: ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚುತ್ತದೆ, ಎರಡು ಅಂಕ ಇಳಿದರೆ ಇಪ್ಪತ್ತು ಪಟ್ಟು ಹೆಚ್ಚುತ್ತದೆ.

ಇಪ್ಪತ್ತಲ್ಲ, ನೂರು. ಹತ್ತನ್ನು ಹತ್ತರಿಂದ ಗುಣಿಸಬೇಕು, ಕೂಡಿಸಬಾರದು. ಪಿಯುಸಿ ಹುಡುಗರಿಗೂ ಗೊತ್ತಿರುವುದು. ಭಾಗ್ಯಳಿಗೆ ಗೊತ್ತಿಲ್ಲದ್ದಲ್ಲ, ಟೈಪ್ ಮಾಡಿದವರು ತಪ್ಪಿದ್ದಾರೆ, ಇವಳು ಗಾಬರಿಯಲ್ಲಿ ಮೇಲೆ ಮೇಲೆ ಓದಿದ್ದಾಳೆ. ಮಧುರಾಳ ಜೇಬಿನಲ್ಲಿ, ಲ್ಯಾಬ್ ಕೋಟಿನ ಜೇಬಿನಲ್ಲಿ, ಕೆಂಪು ಪೆನ್ನಿತ್ತು. ಅವಳು ಹಾಳೆ ತಿರುಗಿಸಿದಳು. ಐದು, ಆರು.

"ಹೆಂಗಿದೆ?"

"ಚೆನ್ನಾಗಿದೆ ಕಣೇ. ಎಲ್ಲಾ ಸರಿಯಾಗಿದೆ."

ಭಾಗ್ಯಳ ಮುಖ ಅರಳಿತು. ಹಾಳೆಗಳನ್ನು ಎದೆಗೊತ್ತಿಕೊಂಡು ಹೋದಳು. ಪೀರಪ್ಪ ನಲ್ಲಿ ನಿಲ್ಲಿಸಿದ. ಆ ರಾತ್ರಿ ಮಧುರಾಗೆ ಚೆನ್ನಾಗಿಯೇ ನಿದ್ದೆ ಬಂತು. ಅದನ್ನು ಆಮೇಲೆ ನೆನೆದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಡಿಸೆಂಬರಿನಲ್ಲಿ ವಿಡಿಯೋ ಹೊರಬಂತು. ಮೊದಲ ವಾರ ಹೊಗಳಿಕೆಯೋ ಹೊಗಳಿಕೆ. ಕಲಬುರಗಿಯಿಂದ, ಕಾರವಾರದಿಂದ ಯಾರು ಯಾರೋ ಭಾಗ್ಯಳ ನಂಬರು ಹುಡುಕಿ ಫೋನು ಮಾಡಿದರು. ಪ್ರಿನ್ಸಿಪಾಲರು ಸಭೆಯಲ್ಲಿ ಶಾಲು ಹೊದಿಸಿದರು. ಮಧುರಾ ಚಪ್ಪಾಳೆ ತಟ್ಟಿದಳು. ಸರ್ಟಿಫಿಕೇಟಿಗಾಗಿ ತಾನೂ ಆ ವಿಡಿಯೋ ನೋಡಲೇಬೇಕಾಯಿತು. ಭಾಗ್ಯ ಪ್ರಶ್ನೆ ಕೇಳಿ ಕಾಯುವ ಜಾಗದಲ್ಲಿ ಮಧುರಾ ಗಡಿಯಾರ ನೋಡಿದಳು, ಹನ್ನೊಂದು ಸೆಕೆಂಡು. ತಾನು ಎಂದಾದರೂ ಎರಡು ಸೆಕೆಂಡಿಗಿಂತ ಹೆಚ್ಚು ಕಾದದ್ದುಂಟೇ? ಆ ಯೋಚನೆ ಬಂದದ್ದಕ್ಕೇ ಭಾಗ್ಯಳ ಮೇಲೆ ಇನ್ನಷ್ಟು ಸಿಟ್ಟು ಬಂತು. ಕೊನೆಯ ಹತ್ತು ಪ್ರಶ್ನೆಗಳಲ್ಲಿ ಮೂರು ತಪ್ಪಾದವು. ಗೆಳತಿಯ ಪಾಠದಲ್ಲಿ ತಾನು ಎಪ್ಪತ್ತು ಅಂಕದವಳು!

ಎರಡನೆಯ ವಾರ ವಿಡಿಯೋದ ಕೆಳಗೆ ಯಾರೋ ಬರೆದರು: "ಇಪ್ಪತ್ತು ಪಟ್ಟಂತೆ! ನೂರು ಪಟ್ಟು ಅಂತ ಗೊತ್ತಿಲ್ಲದವರು ನಮಗೆ ಪಾಠ ಕಲಿಸೋದಾ?" ಅಷ್ಟು ಸಾಕಾಯಿತು. ಆ ಅರ್ಧ ನಿಮಿಷವನ್ನಷ್ಟೇ ಕತ್ತರಿಸಿ ಅಧ್ಯಾಪಕರ ವಾಟ್ಸಾಪ್ ಗುಂಪುಗಳಲ್ಲಿ ಹರಿಯಬಿಟ್ಟರು. ಮಧುರಾಗೆ ಅದು ಒಂದೇ ಬೆಳಿಗ್ಗೆ ಐದು ಕಡೆಯಿಂದ ಬಂತು. ಕಾಫಿ ಹಿಡಿದು ಒಂದೊಂದೇ ಕಮೆಂಟು ಓದಿದಳು. ಮೊದಲು, ಸುಳ್ಳೇಕೆ, ಖುಷಿಯಾಯಿತು. ಬೆಲ್ಲ ಬಾಯಿಗಿಟ್ಟ ಹಾಗೆ ಖುಷಿ. ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು: "ಯಾವ ಕೋಟಾದಲ್ಲಿ ಬಂದವರೋ. ಈಗ ಅಂಥವರೇ ಬೇಕಲ್ಲ ಇವರಿಗೆ." ಅದಕ್ಕೆ ನೂರ ಹತ್ತು ಮಂದಿ ಮೆಚ್ಚುಗೆ ಒತ್ತಿದ್ದರು. ಆ ಮಾತು ತನ್ನ ಅಡುಗೆಮನೆಯಿಂದಲೇ ಎದ್ದುಹೋಗಿ ಅಲ್ಲಿ ಕೂತ ಹಾಗಿತ್ತು. ಮಧುರಾ ಫೋನನ್ನು ಕವುಚಿ ಹಾಕಿದಳು. ಕಾಫಿ ಆರಿಹೋಯಿತು.

ಆ ದಿನ ಭಾಗ್ಯ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತಿರಲಿಲ್ಲ, ಆದರೆ ಮುಖ ಬಾಡಿತ್ತು.

"ಎದುರಿಗಿದ್ದ ಸ್ಕ್ರೀನ್ ಮೇಲೆ ಬಂದದ್ದನ್ನ ಹಂಗೇ ಓದ್ಬಿಟ್ಟೆ ಕಣೇ. ಇಪ್ಪತ್ತು ಅಂತ ಬಾಯಿಂದ ಬಂದಿದ್ದೂ ಗೊತ್ತಾಗ್ಲಿಲ್ಲ. ಇದೇ ಪಾಠ ಹತ್ತೊಂಬತ್ತು ವರ್ಷ ಮಾಡಿದೀನಿ. ಒಂದೇ ಸಮಾಧಾನ. ನೀನೂ ನೋಡಿದ್ದೆ. ನಿನ್ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ ನಾನೇನು ಅಷ್ಟು ದಡ್ಡಿ ಅಲ್ಲ ಬಿಡು."

"ಹೌದು" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಪದ. ಮಧುರಾಳ ನಾಲಿಗೆಯ ತುದಿಗೂ ಬಂದಿತ್ತು.

"ಬಿದ್ದಿತ್ತು," ಅಂದಳು.

"ಏನು?"

"ಕಣ್ಣಿಗೆ ಬಿದ್ದಿತ್ತು. ಆವತ್ತೇ ನೋಡ್ದೆ. ನಾಲ್ಕನೇ ಹಾಳೇಲಿ."

ಭಾಗ್ಯ ಅವಳನ್ನೇ ನೋಡಿದಳು. "ಹೇಳೋದು ಮರ್ತೋಯ್ತಾ?" ಎಂದು ಕೇಳಿದಳು. ದಾಟಿಹೋಗಲಿ ಎಂದು ಅವಳೇ ಒಂದು ಹಲಗೆ ಹಾಕಿಕೊಟ್ಟಂತಿತ್ತು ಆ ದನಿ.

"ಇಲ್ಲ. ಹೇಳೋದ್ ಬೇಡ ಅನ್ನಿಸ್ತು. ನಿನ್ನ ಆರಿಸಿದ್ರಲ್ಲ, ಅದಕ್ಕೆ."

ಹೊರಗೆ ವರಾಂಡದಲ್ಲಿ ಎರಡನೇ ವರ್ಷದವರು ಗಲಾಟೆ ಮಾಡುತ್ತ ಪ್ರಾಕ್ಟಿಕಲ್ಸಿಗೆ ಸೇರುತ್ತಿದ್ದರು.

"ಮೋನಿಷಾ ಆ ಕಮೆಂಟೆಲ್ಲಾ ಓದಿದ್ಲು, ಮಧುರಾ," ಅಂದಳು ಭಾಗ್ಯ. ಮೋನಿಷಾ ಅವಳ ಮಗಳು, ಹದಿನಾರು ವರ್ಷ. "ಕೋಟಾ ಅಂದ್ರೆ ನಿನಗೆ ಏನೂ ಬರಲ್ಲ ಅಂತಾನಾ ಅಮ್ಮ ಅಂತ ಕೇಳಿದ್ಲು." ಆಮೇಲೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, "ಪೀರಪ್ಪ, ಒಳಗೆ ಬಿಡಿ ಅವ್ರನ್ನ," ಎಂದಳು. ಎರಡು ಗಂಟೆ ಪ್ರಾಕ್ಟಿಕಲ್ಸು ಮಾಡಿಸಿದಳು.

ಮರುದಿನದಿಂದ ಭಾಗ್ಯ ಸಸ್ಯಶಾಸ್ತ್ರದವರ ಮೇಜಿನಲ್ಲಿ ಊಟಕ್ಕೆ ಕೂತಳು. ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದ್ದರೆ ಮಧುರಾಗೆ ಸುಲಭವಾಗುತ್ತಿತ್ತು, ಬೈಸಿಕೊಂಡು ಮುಗಿಸಬಹುದಿತ್ತು. ಭಾಗ್ಯ ಕೆಲಸದ ಮಾತಿಗೆ ಮಾತ್ರ ಬಾಯಿ ಬಿಡುತ್ತಿದ್ದಳು: "ಬೀಗದ ಕೈ ಎಲ್ಲಿ?" "ಇಂಟರ್ನಲ್ಸ್ ಯಾವತ್ತು?"

ಟ್ರಸ್ಟಿನವರು ಹಳೆಯ ವಿಡಿಯೋ ತೆಗೆದುಹಾಕುತ್ತೇವೆ ಅಂದರು. ಭಾಗ್ಯ ಬೇಡವೆಂದಳು. ಅದು ಹಾಗೇ ಇರಲಿ, ಇನ್ನೊಂದು ಮಾಡೋಣ ಅಂದಳು. ಹೊಸದರಲ್ಲಿ ಅವಳು ತನ್ನ ತಪ್ಪನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಇದರಲ್ಲಿ ಏನು ಎಡವಟ್ಟಿದೆ ಹುಡುಕಿ ಎಂದು ತರಗತಿಗೆ ಬಿಟ್ಟಳು. ಆಮೇಲೆ ಕ್ಯಾಮೆರಾಗೆ ತಿರುಗಿ, ಮೇಷ್ಟ್ರು ತಪ್ಪು ಮಾಡಿದ ದಿನ ತರಗತಿಗೆ ಹೇಗೆ ಹೋಗಬೇಕು, ಏನು ಹೇಳಬೇಕು, ಏನು ಹೇಳಬಾರದು ಎಂದು ಒಂಬತ್ತು ನಿಮಿಷ ಮಾತಾಡಿದಳು, ಎದುರಿಗೆ ಓದುವ ಪರದೆ ಇಲ್ಲದೆ. ಇನ್ನೊಬ್ಬರ ಮೇಲೆ ಬೊಟ್ಟು ಮಾಡಲಿಲ್ಲ. ಟ್ರಸ್ಟಿನ ವಿಡಿಯೋಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅದನ್ನೇ.

ಮಧುರಾ ದಿನಕ್ಕೆ ಎರಡು ಸಲ ಅದರ ಲೆಕ್ಕ ನೋಡುತ್ತಿದ್ದಳು. ನಲವತ್ತು ಸಾವಿರ, ನಲವತ್ತಾರು ಸಾವಿರ. ತನ್ನ ಕೆಟ್ಟತನವನ್ನು ಕೂಡ ಭಾಗ್ಯ ಒಳ್ಳೆಯ ಪಾಠ ಮಾಡಿಕೊಂಡುಬಿಟ್ಟಳಲ್ಲ ಎಂದು ಹೊಟ್ಟೆ ಉರಿಯಿತು. ಪಶ್ಚಾತ್ತಾಪ ಬಂದರೆ ಅಸೂಯೆ ಹೋಗುತ್ತದೆ ಎಂದುಕೊಂಡಿದ್ದಳು. ಎರಡೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದವು.

ಫೆಬ್ರವರಿಯಲ್ಲಿ ದಿವ್ಯ ಫೋನು ಮಾಡಿದಳು. "ಮೇಡಂ, ಇನ್ನೂ ನಾಲ್ಕು ಕೆಮಿಸ್ಟ್ರಿ ವಿಡಿಯೋ ಮಾಡ್ತಿದೀವಿ. ಈ ಸಲ ವಿಷಯ ಚೆಕ್ ಮಾಡೋಕೆ ಒಬ್ರು ಇರ್ಲೇಬೇಕು ಅಂತ ತೀರ್ಮಾನ ಆಗಿದೆ. ಭಾಗ್ಯಲಕ್ಷ್ಮಿ ಮೇಡಂ ನಿಮ್ಮ ಹೆಸರು ಕೊಟ್ರು."

ಮಧುರಾ ಸೀದಾ ಲ್ಯಾಬಿಗೆ ಹೋದಳು. "ಯಾಕೆ ನನ್ನ ಹೆಸರು ಕೊಟ್ಟೆ?"

ಭಾಗ್ಯ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ತಪ್ಪು ನಿನ್ ಕಣ್ಣಿಗೆ ಬೀಳತ್ತೆ ಅಂತ ಗೊತ್ತಾಯ್ತಲ್ಲ. ಬಾಯಿ ಬಿಡಿಸೋದು ಅವರ ಕೆಲಸ."

ಅದು ಕ್ಷಮೆಯೋ ಶಿಕ್ಷೆಯೋ ಮಧುರಾಗೆ ತಿಳಿಯಲಿಲ್ಲ. ಒಪ್ಪಿಕೊಂಡಳು.

ಸ್ಟುಡಿಯೋ ಇದ್ದದ್ದು ಇಂದಿರಾನಗರದಲ್ಲಿ, ನೂರಡಿ ರಸ್ತೆಯ ಹಿಂದಿನ ಹಳೆಯ ಬಂಗಲೆಯೊಂದರಲ್ಲಿ. ಗಾಜಿನ ಆಚೆ ದೀಪಗಳ ನಡುವೆ ಭಾಗ್ಯ. ಈಚೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮಧುರಾ. ಅವಳು ಮೂರು ಸಲ ನಿಲ್ಲಿಸಿದಳು. ಒಮ್ಮೆ ಒಂದು ಏಕಮಾನ ತಪ್ಪಿತ್ತು, ಒಮ್ಮೆ ಒಂದು ಸೂತ್ರ ಅರ್ಧವಾಗಿತ್ತು. ಮೂರನೆಯದು ತಪ್ಪೇ ಅಲ್ಲ, ಬರೀ ಹಟಕ್ಕೆ. ಅದು ಭಾಗ್ಯಳಿಗೂ ಗೊತ್ತಾಯಿತು. ಗಾಜಿನ ಆಚೆಯಿಂದ ಹುಬ್ಬೇರಿಸಿದಳು. "ಇಲ್ಲ, ಸರಿಯಾಗೇ ಇದೆ, ಮುಂದುವರಿಸು," ಎಂದಳು ಮಧುರಾ ಮೈಕಿನಲ್ಲಿ.

ಸಂಜೆ ಇಬ್ಬರೂ ಇಂದಿರಾನಗರದಲ್ಲಿ ಮೆಟ್ರೋ ಹತ್ತಿದರು. ಭಾಗ್ಯ ಇಳಿಯಬೇಕಾದದ್ದು ಬೆನ್ನಿಗಾನಹಳ್ಳಿಯಲ್ಲಿ, ಅಲ್ಲಿಂದ ಆಟೋದಲ್ಲಿ ರಾಮಮೂರ್ತಿ ನಗರ. ಮಧುರಾ ಕೆ.ಆರ್. ಪುರದವರೆಗೆ. ಪಕ್ಕಪಕ್ಕ ನಿಂತರೂ ಹೆಚ್ಚು ಮಾತಿರಲಿಲ್ಲ. ಮೋನಿಷಾಳ ಪರೀಕ್ಷೆ ಯಾವಾಗ ಎಂದು ಮಧುರಾ ಕೇಳಿದಳು. ಭಾಗ್ಯ ಹೇಳಿದಳು. ಮೂರು ತಿಂಗಳಲ್ಲಿ ಅವರಿಬ್ಬರು ಆಡಿದ, ಕೆಲಸದ್ದಲ್ಲದ ಮೊದಲ ಮಾತು ಅದು.

ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಹತ್ತಿದ ಹುಡುಗಿಯೊಬ್ಬಳು ಭಾಗ್ಯಳನ್ನೇ ದಿಟ್ಟಿಸಿ, ಜನರ ನಡುವೆ ನುಸುಳಿಕೊಂಡು ಬಂದಳು. "ಮ್ಯಾಮ್, ಆ ಇಪ್ಪತ್ತು ಪಟ್ಟಿನ ವಿಡಿಯೋ ನಿಮ್ಮದೇ ಅಲ್ವಾ? ನಾನು ಹೊಸಕೋಟೆ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್. ಹೋದ್ ತಿಂಗಳು ಕ್ಲಾಸಲ್ಲಿ ತಪ್ಪು ಹೇಳಿ, ಕೆಲಸಾನೇ ಬಿಟ್ಬಿಡೋಣ ಅಂದ್ಕೊಂಡಿದ್ದೆ. ನಿಮ್ಮದು ನೋಡಿ ಮಾರನೇ ದಿನ ಹೋದೆ." ಆಮೇಲೆ ಮಧುರಾಳ ಕಡೆ ತಿರುಗಿ ಫೋನು ಚಾಚಿದಳು. "ಆಂಟಿ, ಒಂದು ಫೋಟೋ ತೆಗೀತೀರಾ?"

ಆಂಟಿ! ಮಧುರಾ ಫೋನು ಇಸಿದುಕೊಂಡಳು. ಪರದೆಯೊಳಗೆ ಭಾಗ್ಯ, ದಣಿದಿದ್ದರೂ ನಗುತ್ತ. ಒತ್ತಿದಳು. ಹುಡುಗಿ ಚೆನ್ನಾಗಿ ಬಂದಿದ್ದಳು. ಭಾಗ್ಯಳ ಕಣ್ಣು ಮುಚ್ಚಿ, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಾಗಿಲ ಮೇಲೆ ಬೈಯ್ಯಪ್ಪನಹಳ್ಳಿ ಎಂದು ಹೊಳೆಯುತ್ತಿತ್ತು. ಹುಡುಗಿ ಇಳಿಯುವ ಅವಸರದಲ್ಲಿ ಕೈಚಾಚಿದ್ದಳು. ಫೋನು ಕೊಟ್ಟುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ಇರಮ್ಮ," ಅಂದಳು ಮಧುರಾ. "ಇವಳ ಕಣ್ಣು ಮುಚ್ಚಿದೆ. ಇನ್ನೊಂದು ತೆಗೀತೀನಿ. ಭಾಗ್ಯ, ಈ ಕಡೆ ನೋಡು."

ಭಾಗ್ಯ ನೋಡಿದಳು.